ಕಾಡುಗಿಚ್ಚಿನ ಮೂಲಾನ್ವೇಷಣೆ

ಕಾಡಿಗೆ ಬೆಂಕಿ ಬಿತ್ತೆಂಬ ವಾರ್ತೆ ಬಂದೊಡನೆ, ಬಿದಿರುಮೆಳೆಗಳು ಒಂದಕ್ಕೊಂದು ಉಜ್ಜಿ ಕಿಡಿ ಹುಟ್ಟಿರಬೇಕೆಂದು ನಮ್ಮಲ್ಲಿ ಹೇಳುವುದುಂಟು. ಅರಣಿಯನ್ನು ಮಥಿಸಿ ಯಜ್ಞಾಗ್ನಿಯನ್ನು ಪಡೆದವರ ನಾಡಿನಲ್ಲಿ ಈ ನಂಬಿಕೆ ಸಹಜವೇ ಸರಿ. ಆದರೆ ಅರಣಿಯನ್ನು ಕಡೆಯುವವನು ಒಂದೇ ಸ್ಥಾನದಲ್ಲಿ, ಒತ್ತಡವನ್ನು ಸಡಿಲಿಸದೆ, ವೇಗವಾಗಿ ಕಡೆಯುತ್ತಾನೆ. ಗಾಳಿಗೆ ತೂಗಾಡುವ ಬಿದಿರಿಗೆ ಅಂಥ ನಿಯಮವೆಲ್ಲಿಯದು? ಬಂಡೀಪುರ, ನಾಗರಹೊಳೆಗಳಂಥ ಎಲೆಯುದುರುವ ಕಾಡುಗಳಲ್ಲಿ ಬೇಸಗೆಯ ಮೊದಲಿಗೆ ಏಳುವ ಉರಿಗೆ ಬಹುಮಟ್ಟಿಗೆ ಮನುಷ್ಯನ ಕೈಯೇ ಕಾರಣ. ಆರಿಸದೆ ಎಸೆದ ಬೀಡಿಯ ತುಂಡೋ, ಹೊಸ ಹುಲ್ಲು ಚಿಗುರಲೆಂದು ಇಟ್ಟ ಬೆಂಕಿಯೋ, ಹಗೆಯಿಂದ ಗೀರಿದ ಕಡ್ಡಿಯೋ ಎಂಬುದನ್ನು ನಿರ್ಣಯಿಸುವುದೇ ಕಷ್ಟ.

ಎಲ್ಲವೂ ಬೂದಿಯಾದ ಮೇಲೆ ನಿರ್ಣಯ ಹೇಗೆ ಸಾಧ್ಯವೆಂದು ಶ್ರೋತೃಗಳು ಕೇಳಬಹುದು. ಬೆಂಕಿಯು ತಾನು ನಡೆದ ದಾರಿಯನ್ನು ತಾನೇ ಬರೆದಿಟ್ಟು ಹೋಗುತ್ತದೆ. ಉರಿ ಬಂದ ದಿಕ್ಕಿಗೆ ಮುಖಮಾಡಿದ ಕಲ್ಲಿನ ಮೈ ಬಣ್ಣಗೆಟ್ಟಿರುತ್ತದೆ, ಹಿಂಬದಿ ಉಳಿದಿರುತ್ತದೆ. ಗಾಳಿಗೆದುರಾಗಿ ಮೆಲ್ಲನೆ ತೆವಳುವ ಬೆಂಕಿ ಹುಲ್ಲಿನ ಬುಡವನ್ನು ಸುಡಲು, ಕಡ್ಡಿಗಳು ಬೆಂಕಿ ಬಂದ ಕಡೆಗೇ ಒರಗುತ್ತವೆ. ಒಂದೇ ಗುರುತನ್ನು ನಂಬಿದರೆ ಮೋಸಹೋಗುವೆವು. ನೂರು ಗುರುತುಗಳು ಒಂದೇ ಕಡೆ ಬೆರಳು ತೋರಿದರೆ ನಂಬಬಹುದು. ಮುನ್ನುಗ್ಗಿದ ಉರಿಗೆ ಕೆಂಪು, ಪಕ್ಕಕ್ಕೆ ಹರಡಿದುದಕ್ಕೆ ಹಳದಿ, ಹಿಂದಕ್ಕೆ ಸರಿದುದಕ್ಕೆ ನೀಲಿ ಬಾವುಟಗಳನ್ನು ನೆಡುತ್ತ ಪರೀಕ್ಷಕರು ಒಳಸಾಗುತ್ತಾರೆ. ಬೆಂಕಿ ಹುಟ್ಟಿದೆಡೆಯಲ್ಲಿ ಅದಿನ್ನೂ ಎಳೆಯದಾದುದರಿಂದ ಹಾನಿ ಅಲ್ಲಿಯೇ ಕಡಮೆ! ಆ ತಾಣವನ್ನು ದಾರದಿಂದ ಪಟ್ಟಿಪಟ್ಟಿಯಾಗಿ ವಿಭಾಗಿಸಿ, ಭೂತಗನ್ನಡಿಯನ್ನೂ ಅಯಸ್ಕಾಂತವನ್ನೂ ಹಿಡಿದು, ಅಂಗುಲ ಅಂಗುಲವಾಗಿ ಹುಡುಕುತ್ತಾರೆ.

2018ನೆಯ ನವೆಂಬರ್ 8ರಂದು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಎದ್ದ ಕಾಡುಗಿಚ್ಚು ಪ್ಯಾರಡೈಸ್ ಎಂಬ ಊರನ್ನು ನುಂಗಿತು. 85 ಮಂದಿ ಮಡಿದರು. 18,000ಕ್ಕೂ ಹೆಚ್ಚು ಕಟ್ಟಡಗಳು ನಾಶವಾದುವು. ಇಷ್ಟು ದೊಡ್ಡ ಅನರ್ಥದ ಮೂಲವನ್ನು ಅರಸಿದವರಿಗೆ ದೊರೆತುದು ವಿದ್ಯುತ್ ಗೋಪುರವೊಂದರಲ್ಲಿ ಸವೆದು ಮುರಿದಿದ್ದ ಕಬ್ಬಿಣದ ಒಂದು ಕೊಕ್ಕೆ. ಅದರ ವಯಸ್ಸು ಸುಮಾರು ನೂರು ವರ್ಷ. ಕೊಕ್ಕೆ ಮುರಿದು ತಂತಿ ಗೋಪುರಕ್ಕೆ ತಾಗಿ, ಕರಗಿದ ಲೋಹ ಒಣಹುಲ್ಲಿನ ಮೇಲೆ ಸುರಿದಿತ್ತು. 2020ರಲ್ಲಿ ಆ ವಿದ್ಯುತ್ ಸಂಸ್ಥೆ 84 ಮಂದಿಯ ಸಾವಿನ ಅಪರಾಧವನ್ನು ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು.

ಆ ಕೊಕ್ಕೆ ದೊರೆಯದೆ ಹೋಗಿದ್ದರೆ ಅಪವಾದ ಯಾರ ತಲೆಗೆ ಬರುತ್ತಿತ್ತು? ಉತ್ತರ ತಿಳಿಯದ ಕಡೆ ಸಂಶಯವು ಬಲವಿಲ್ಲದವರನ್ನೇ ಹುಡುಕಿಕೊಂಡು ಹೋಗುತ್ತದೆ. ನಮ್ಮಲ್ಲಿ ಅದು ಕಾಡಂಚಿನ ಹಾಡಿಗಳ ಜನ ಅಥವಾ ದನಗಾಹಿ. ಅವರಲ್ಲಿ ತಪ್ಪಿತಸ್ಥರು ಇರಲಾರರೆಂದು ನಾವು ಹೇಳುವುದಿಲ್ಲ. ಪ್ರಮಾಣವಿಲ್ಲದೆ ತಪ್ಪು ಹೊರಿಸಿದರೆ ನಿರಪರಾಧಿಗೆ ಅನ್ಯಾಯವಾಗುವುದಲ್ಲದೆ, ನಿಜವಾದ ಕಾರಣ ಉಳಿದುಕೊಂಡು ಮುಂದಿನ ಬೇಸಗೆಯಲ್ಲಿ ಮತ್ತೆ ಹೊತ್ತಿಕೊಳ್ಳುತ್ತದೆ. ಆದುದರಿಂದ ಬೆಂಕಿಯನ್ನು ಆರಿಸಲು ಮೊದಲು ಓಡಿಬಂದವರು ಅದು ಹುಟ್ಟಿದ ನೆಲವನ್ನು ತುಳಿಯದೆ ಕಾಯುವುದು ಅಗತ್ಯ. ನಗರದಲ್ಲಿ ಕುಳಿತು ವಾರ್ತೆಯನ್ನು ಕೇಳುವ ನಾವು, ಆ ನೆಲದ ಸಾಕ್ಷ್ಯ ಹೊರಬರುವ ತನಕ ತೀರ್ಪನ್ನು ತಡೆದಿಟ್ಟರೆ ಅದೂ ಒಂದು ಸೇವೆಯೇ.