ಮನೆ ಹೆಚ್ಚದೆ ಬಾಡಿಗೆ ಇಳಿಯದು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಸಭೆಯಲ್ಲಿ ಸ್ವಯಂಸೇವಕರೊಬ್ಬರು ಮಾಡಿದ ಭಾಷಣ)



ಈ ಸಭೆಯಲ್ಲಿ ಮನೆಯ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಸಂಘದವರು ಅಪ್ಪಣೆ ಮಾಡಿದ್ದಾರೆ. ನಾವು ವಿದ್ವಾಂಸರಲ್ಲ. ಗಿರಣಿಯಲ್ಲಿ ಲೆಕ್ಕ ಬರೆಯುವವರು, ಮೆಟ್ರಿಕ್‌ವರೆಗೆ ಓದಿದವರು. ಆದುದರಿಂದ ದೊಡ್ಡ ಸಿದ್ಧಾಂತಗಳನ್ನು ಬಿಟ್ಟು, ಕೂಡಿಸುವ ಕಳೆಯುವ ಲೆಕ್ಕದಲ್ಲಿ ಎಷ್ಟು ತಿಳಿಯುವುದೋ ಅಷ್ಟನ್ನು ತಮ್ಮ ಮುಂದೆ ಇಡುತ್ತೇವೆ.

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ನಮ್ಮ ಹಿರಿಯರು ಹೇಳಿದರು. ಕಟ್ಟುವ ಮಾತು ಹಾಗಿರಲಿ. ಈ ಕೂಕಟ್‌ಪಲ್ಲಿಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದು ನೋಡು ಎನ್ನುವ ಕಾಲ ಬಂದಿದೆ. ರಾಯಚೂರು, ಯಾದಗಿರಿ, ಕಲಬುರಗಿ, ಬೀದರ್ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದ ನಮ್ಮ ಅಣ್ಣಂದಿರು ಬೆಳಗಾದರೆ ಅಡ್ಡಾದಲ್ಲಿ ನಿಂತು ಮೇಸ್ತ್ರಿಯ ದಾರಿ ನೋಡುತ್ತಾರೆ. ಹಗಲೆಲ್ಲ ಇಪ್ಪತ್ತು ಮೂವತ್ತು ಅಂತಸ್ತಿನ ಮನೆಗಳಿಗೆ ಸಿಮೆಂಟು ಹೊರುತ್ತಾರೆ. ರಾತ್ರಿ ತಗಡಿನ ಬಿಡಾರದಲ್ಲಿ ಮಲಗುತ್ತಾರೆ. ಅಂಗಡಿ, ಕಚೇರಿ, ಕಾರ್ಖಾನೆಗಳಲ್ಲಿ ಕುಳಿತು ಬರೆಯುವವರ ಪಾಡೂ ಇದರಿಂದ ಬಹಳ ದೂರವಿಲ್ಲ. ತಿಂಗಳಿಗೆ ಹದಿನೆಂಟು ಸಾವಿರ ಸಂಬಳದವನು ಏಳು ಸಾವಿರ ಬಾಡಿಗೆ ಕೊಟ್ಟನೆಂದು ಇಟ್ಟುಕೊಳ್ಳಿ. ಉಳಿದ ಹನ್ನೊಂದು ಸಾವಿರದಲ್ಲಿ ಅಕ್ಕಿ ಬೇಳೆ, ಮಕ್ಕಳ ಫೀಜು, ಔಷಧಿ, ಊರಿನಲ್ಲಿರುವ ತಂದೆತಾಯಿಗಳಿಗೆ ಕಳಿಸುವ ಹಣ, ಎಲ್ಲವೂ ನಡೆಯಬೇಕು. ನಡೆಯದೆ ಹೋದಾಗ ಹೆಂಡತಿ ಮಕ್ಕಳನ್ನು ಊರಲ್ಲಿಯೇ ಬಿಟ್ಟು, ನಾಲ್ಕು ಜನ ಸೇರಿ ಒಂದು ಖೋಲಿಯಲ್ಲಿ ಕಾಲ ಹಾಕುತ್ತಾರೆ. ಮಗು ವರ್ಷಕ್ಕೆ ಎರಡು ಸಲ, ಹಬ್ಬಕ್ಕೆ ಜಾತ್ರೆಗೆ, ತಂದೆಯ ಮುಖ ನೋಡುತ್ತದೆ. ಬಾಡಿಗೆಯ ಲೆಕ್ಕದಲ್ಲಿ ಈ ನಷ್ಟವನ್ನೂ ಬರೆಯಬೇಕು.

ಬಾಡಿಗೆ ಏಕೆ ಏರುತ್ತದೆ? ಮಾಲೀಕರ ದುರಾಸೆಯಿಂದ ಎಂದು ಕೆಲವರು ಹೇಳುತ್ತಾರೆ. ಹೊರಗಿನವರು ಬಂದು ತುಂಬಿಕೊಂಡದ್ದರಿಂದ ಎಂದು ಇನ್ನು ಕೆಲವರು. ದುರಾಸೆ ಇಲ್ಲವೆಂದು ನಾವು ವಾದಿಸುವುದಿಲ್ಲ. ಆದರೆ ಆಸೆ ಎಲ್ಲ ಊರಿನಲ್ಲಿಯೂ ಇದೆ. ಹತ್ತು ಮನೆ ಖಾಲಿ ಬಿದ್ದು, ಕೇಳುವವರು ಇಬ್ಬರೇ ಇರುವ ಊರಿನಲ್ಲಿ ಎಂಥ ಆಸೆಬುರುಕನೂ ಬಾಡಿಗೆ ಏರಿಸಲಾರ. ನಮ್ಮ ಈ ವಾಚನಾಲಯವನ್ನೇ ನೋಡಿ. ಪತ್ರಿಕೆ ಒಂದು, ಓದುವವರು ಇಪ್ಪತ್ತು ಜನ ಆದರೆ ಎಳೆದಾಟ ತಪ್ಪದು. ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದೆಂದು ಗೋಡೆಗೆ ಚೀಟಿ ಅಂಟಿಸಬಹುದು. ಹೊಸಬರು ಬರಬಾರದೆಂದು ಬಾಗಿಲು ಹಾಕಬಹುದು. ಆದರೂ ಪತ್ರಿಕೆ ಒಂದೇ. ಇನ್ನೂ ಎರಡು ಪ್ರತಿ ತರಿಸಿದ ದಿನ ಜಗಳ ತಾನಾಗಿ ತಣ್ಣಗಾಗುತ್ತದೆ. ಮನೆಯ ಮಾತೂ ಹಾಗೆಯೇ. ಬರುವ ಜನಕ್ಕಿಂತ ಏಳುವ ಮನೆಗಳು ಮುಂದೆ ಹೋಗಬೇಕು. ಆಗ ಬಾಡಿಗೆ ಕೇಳುವವನ ದನಿ ಇಳಿಯುತ್ತದೆ.

ಈ ಮಾತು ಹೈದರಾಬಾದಿಗೆ ಹೊಸದಲ್ಲ. 1908ನೆಯ ಸೆಪ್ಟೆಂಬರ್ 28ರಂದು ಮೂಸಿ ನದಿಗೆ ಮಹಾಪೂರ ಬಂದು ಸಾವಿರಾರು ಜನ ಸತ್ತರು, ಓಣಿ ಓಣಿಗಳೇ ಕೊಚ್ಚಿಹೋದವು. ಮರುವರ್ಷ ನಮ್ಮ ವಿಶ್ವೇಶ್ವರಯ್ಯನವರನ್ನು ಇಲ್ಲಿಗೆ ಕರೆಸಿ ಸಲಹೆ ಪಡೆದರು. ಅದರ ಫಲವಾಗಿ 1920ರಲ್ಲಿ ಉಸ್ಮಾನ್‌ಸಾಗರ, 1927ರಲ್ಲಿ ಹಿಮಾಯತ್‌ಸಾಗರ ಆದವು. 1912ರಲ್ಲಿ ನಗರ ಸುಧಾರಣಾ ಮಂಡಳಿ ಎಂಬುದೊಂದು ಹುಟ್ಟಿತು. ಇದು ಕಿಕ್ಕಿರಿದ ಕೇರಿಗಳನ್ನು ತೆರವು ಮಾಡಿ, ಕೂಲಿಕಾರರಿಗೆ, ಸಣ್ಣ ಸಂಬಳದವರಿಗೆ ಗಾಳಿ ಬೆಳಕುಳ್ಳ ಚಿಕ್ಕ ಮನೆಗಳನ್ನು ಕಟ್ಟಿತು. ಮಲ್ಲೇಪಲ್ಲಿ, ಖೈರತಾಬಾದ್‌ಗಳಲ್ಲಿ ‘ಸಿ.ಐ.ಬಿ. ಕ್ವಾರ್ಟರ್ಸ್’ ಎಂಬ ಹೆಸರು ಇಂದಿಗೂ ಉಳಿದಿದೆ. ನಮ್ಮ ಮೈಸೂರಿನಲ್ಲಿ 1903ರಲ್ಲಿಯೇ ಇಂಥ ಮಂಡಳಿ ಬಂದಿತ್ತು. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದೂ ಇದೇ ವಿಚಾರದಿಂದ. ಮಹಾಪೂರ, ಪ್ಲೇಗುಗಳಂಥ ಆಪತ್ತು ಬಂದಾಗ ಸರ್ಕಾರಗಳಿಗೆ ಹೊಳೆದ ಮದ್ದು ಒಂದೇ: ಹೊಸ ನೆಲ ತೆರೆದು, ಮನೆಗಳನ್ನು ಎಬ್ಬಿಸಬೇಕು.

1960ರಲ್ಲಿ ಈ ನಗರ ಮಂಡಳಿಯ ಕೆಲಸ ಆಂಧ್ರಪ್ರದೇಶ ಹೌಸಿಂಗ್ ಬೋರ್ಡಿಗೆ ಹೋಯಿತು. ಆ ಕಾಲಕ್ಕೆ ಬಾಲಾನಗರ, ಸನತ್‌ನಗರಗಳಲ್ಲಿ ಕಾರ್ಖಾನೆಗಳು ಏಳುತ್ತಿದ್ದವು. ಔಷಧಿ ಕಾರ್ಖಾನೆ, ಯಂತ್ರದ ಕಾರ್ಖಾನೆ, ಇಲ್ಲಿಯೇ ಕೂಕಟ್‌ಪಲ್ಲಿಯಲ್ಲಿ ಸ್ಫೋಟಕಗಳ ಕಾರ್ಖಾನೆ, ಹೀಗೆ ಸಾವಿರಾರು ಜನಕ್ಕೆ ಕೆಲಸ ಸಿಕ್ಕಿತು. ಕೆಲಸವಿದ್ದಲ್ಲಿ ಮನೆ ಇರಲಿಲ್ಲ. ಎಪ್ಪತ್ತರ ದಶಕದ ಕೊನೆಯಿಂದ ಬೋರ್ಡು ಇಲ್ಲಿನ ಬಯಲಿನಲ್ಲಿ ಹಂತ ಹಂತವಾಗಿ ಕಾಲೊನಿ ಕಟ್ಟಿತು. ಅದೇ ಇಂದಿನ ಕೆ.ಪಿ.ಎಚ್.ಬಿ. ಕಾಲೊನಿ. ಅತಿ ಬಡವರಿಗೆ, ಕಡಮೆ ವರಮಾನದವರಿಗೆ, ಮಧ್ಯಮ ವರಮಾನದವರಿಗೆ ಬೇರೆ ಬೇರೆ ಅಳತೆಯ ಮನೆಗಳು. ಕಂತಿನ ಮೇಲೆ ಹಣ ತೀರಿಸುವ ಸೌಕರ್ಯ. ‘ಅಷ್ಟು ದೂರದ ಕಲ್ಲುನೆಲಕ್ಕೆ ಯಾರು ಹೋಗುತ್ತಾರೆ’ ಎನ್ನುವಂಥ ಜಾಗವಾಗಿತ್ತು. ಕಾರ್ಖಾನೆಯ ಕೆಲಸಗಾರರು, ಗುಮಾಸ್ತರು ಹೋದರು, ನೆಲೆಯಾದರು. ಬೋರ್ಡು ಕಟ್ಟದೆ ಇದ್ದಿದ್ದರೆ ಅವರೆಲ್ಲ ಹಳೆಯ ಊರಿನ ಓಣಿಗಳಲ್ಲಿ ಒಬ್ಬರ ಮೇಲೊಬ್ಬರು ಬಾಡಿಗೆ ಏರಿಸುತ್ತಿದ್ದರು.

ಆಮೇಲೆ ಕಾಲ ಬದಲಾಯಿತು. 1998ರಲ್ಲಿ ಸೈಬರ್ ಟವರ್ಸ್ ತೆರೆಯಿತು, ಹೈಟೆಕ್ ಸಿಟಿ ಬೆಳೆಯಿತು. 2007ರಲ್ಲಿ ಕೂಕಟ್‌ಪಲ್ಲಿ ಪುರಸಭೆ ಮಹಾನಗರ ಪಾಲಿಕೆಯಲ್ಲಿ ಸೇರಿತು. 2017ರ ನವೆಂಬರಿನಲ್ಲಿ ಮಿಯಾಪುರದಿಂದ ಮೆಟ್ರೋ ಓಡಿತು. ಕೆಲಸಕ್ಕೆ ಜನ ಬಂದರು; ಬೋರ್ಡಿನ ಒಂದಂತಸ್ತಿನ ಮನೆಗಳು ನಾಲ್ಕೈದು ಅಂತಸ್ತಾದವು; ಕೆಳಗೆ ಮೆಸ್ಸು, ಮೇಲೆ ಹಾಸ್ಟೆಲು. ಒಂದು ಸಂಸಾರವಿದ್ದ ನೆಲದಲ್ಲಿ ಇಪ್ಪತ್ತು ಮೂವತ್ತು ಜನ ತಂಗಿದರು. ಇದನ್ನು ಕಂಡು ಮೂಗು ಮುರಿಯುವವರಿದ್ದಾರೆ. ಮೆಟ್ಟಿಲು ಇಕ್ಕಟ್ಟು, ಒಳಗೆ ಕತ್ತಲೆ, ಬೆಂಕಿ ಬಿದ್ದರೆ ಓಡಲು ದಾರಿ ಇಲ್ಲ ಎಂಬ ದೂರು ನಿಜ, ಅದನ್ನು ಸರಿಪಡಿಸಲೇಬೇಕು. ಆದರೆ ಈ ಮಹಡಿಗಳು ಏಳದೆ ಇದ್ದಿದ್ದರೆ ಅಷ್ಟು ಜನ ಎಲ್ಲಿ ಮಲಗುತ್ತಿದ್ದರು?

ಈಗ ನೆಲದ ಲೆಕ್ಕ ಕೇಳಿ. 2025ರ ಜುಲೈ ಕೊನೆಯಲ್ಲಿ ಇದೇ ಕಾಲೊನಿಯ ಸುಮಾರು 7.8 ಎಕರೆ ನೆಲವನ್ನು ಹೌಸಿಂಗ್ ಬೋರ್ಡು ಹರಾಜು ಹಾಕಿತು. ಎಕರೆಗೆ 70 ಕೋಟಿ ರೂಪಾಯಿ ಬಂತು. ಒಟ್ಟು ಸುಮಾರು 547 ಕೋಟಿ. ಎಕರೆಗೆ 4840 ಚದರ ಗಜ. ಅಂದರೆ ಒಂದು ಗಜಕ್ಕೆ 1 ಲಕ್ಷ 44 ಸಾವಿರಕ್ಕಿಂತ ಹೆಚ್ಚು. ಚಾಪೆ ಹಾಸುವಷ್ಟು ಜಾಗಕ್ಕೆ ನಮ್ಮಂಥವರ ಒಂದು ವರ್ಷದ ಸಂಬಳ! ಅಂಥ ಎಕರೆಯಲ್ಲಿ 100 ಮನೆ ಕಟ್ಟಿದರೆ, ಒಂದು ಇಟ್ಟಿಗೆ ಇಡುವ ಮೊದಲೇ ಒಂದೊಂದು ಮನೆಯ ಪಾಲಿಗೆ 70 ಲಕ್ಷ ನೆಲದ ಬೆಲೆ ಬೀಳುತ್ತದೆ. ಅಲ್ಲಿಯೇ 350 ಚಿಕ್ಕ ಮನೆ ಕಟ್ಟಿದರೆ 20 ಲಕ್ಷ ಬೀಳುತ್ತದೆ. ನೆಲ ಹಿಗ್ಗದು, ಅದರ ಮೇಲಿನ ಮನೆಗಳನ್ನು ಹೆಚ್ಚಿಸಬಹುದು. ಬೆಲೆ ಇಳಿಸುವ ಕೀಲಿ ಇಲ್ಲಿದೆ.

ಈ ವಿಷಯದಲ್ಲಿ ಹೈದರಾಬಾದ್ ಒಂದು ಒಳ್ಳೆಯ ಕೆಲಸ ಮಾಡಿದೆ. ನೆಲದ ಅಳತೆಗೆ ಇಷ್ಟು ಪಟ್ಟಿಗಿಂತ ಹೆಚ್ಚು ಕಟ್ಟಬಾರದೆಂಬ ಮಿತಿಯನ್ನು 2006ರಲ್ಲಿ ತೆಗೆದುಹಾಕಿದರು. ಮುಂದಿನ ರಸ್ತೆಯ ಅಗಲ, ಸುತ್ತ ಬಿಡುವ ಜಾಗ ನೋಡಿ ಎತ್ತರಕ್ಕೆ ಅನುಮತಿ ಕೊಡುವ ಪದ್ಧತಿ ಬಂತು. ಮುಂಬಯಿಯಲ್ಲಿ 1991ರ ನಿಯಮ ನಗರದೊಳಗೆ 1.33 ಪಟ್ಟು, ಉಪನಗರಗಳಲ್ಲಿ 1 ಪಟ್ಟು ಎಂದು ಕಟ್ಟಿಹಾಕಿತ್ತು. ಅಲ್ಲಿ ದುಡಿದು ಬಂದ ನಮ್ಮ ವಿಜಯಪುರ, ಬಾಗಲಕೋಟೆ ಕಡೆಯವರನ್ನು ಕೇಳಿದರೆ ಚಾಳಿನ ಖೋಲಿಯ ಕಥೆ ಹೇಳುತ್ತಾರೆ.

ಸರ್ಕಾರ ಬಾಡಿಗೆಯನ್ನೇ ಕಟ್ಟಿಹಾಕಲಿ ಎನ್ನುವವರೂ ನಮ್ಮಲ್ಲಿದ್ದಾರೆ. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಮುಂಬಯಿಯಲ್ಲಿ 1947ರ ಕಾಯಿದೆ ಹಾಗೆಯೇ ಮಾಡಿತು. ಒಳಗಿದ್ದವರಿಗೆ ಅನುಕೂಲವಾಯಿತು. ಬಾಡಿಗೆಗೆಂದು ಹೊಸ ಮನೆ ಕಟ್ಟುವವರು ಕಡಮೆಯಾದರು. ಹಳೆಯ ಕಟ್ಟಡಗಳಿಗೆ ದುರಸ್ತಿಯಿಲ್ಲದೆ ಮಳೆಗಾಲದಲ್ಲಿ ಕುಸಿಯತೊಡಗಿದವು. ನಿನ್ನೆ ಊರಿಗೆ ಬಂದವನಿಗೆ ಬಾಗಿಲೇ ತೆರೆಯಲಿಲ್ಲ. ನಾವೋ, ನಿನ್ನೆ ಬಂದವರು.

ಇನ್ನೊಂದು ಪ್ರಶ್ನೆ: ‘ಏಳುತ್ತಿರುವ ಮನೆಗಳೆಲ್ಲ ಕೋಟಿಯವು, ಅದರಿಂದ ನಮಗೇನು?’ ಇದರಲ್ಲಿ ಅರ್ಧ ಸತ್ಯವಿದೆ. ಹಣವಂತನಿಗೆ ಹೊಸ ಮನೆ ಸಿಗದಿದ್ದರೆ ಅವನು ಗುಮಾಸ್ತನ ಮನೆಗೆ ಕೈ ಹಾಕುತ್ತಾನೆ. ಗುಮಾಸ್ತ ಕೂಲಿಯವನ ಖೋಲಿಗೆ ಬರುತ್ತಾನೆ. ಕೂಲಿಯವನು ಬೀದಿಗೆ ಬೀಳುತ್ತಾನೆ. ಆದುದರಿಂದ ದೊಡ್ಡ ಮನೆ ಎದ್ದರೂ ಕೆಳಗಿನವನ ಮೇಲಿನ ಒತ್ತಡ ಅಷ್ಟು ಇಳಿಯುತ್ತದೆ. ಆದರೆ ಅಷ್ಟೇ ಸಾಲದು. 2012ರಲ್ಲಿ ಕೇಂದ್ರ ಸರ್ಕಾರದ ತಾಂತ್ರಿಕ ಸಮಿತಿ ನಗರಗಳಲ್ಲಿ 1 ಕೋಟಿ 87 ಲಕ್ಷ 80 ಸಾವಿರ ಮನೆಗಳ ಕೊರತೆಯಿದೆ ಎಂದು ಲೆಕ್ಕ ಹಾಕಿತು. ಅದರಲ್ಲಿ ನೂರಕ್ಕೆ 95ಕ್ಕೂ ಮಿಕ್ಕ ಪಾಲು ಬಡವರದು ಮತ್ತು ಕಡಮೆ ವರಮಾನದವರದು. ಅದೇ ಸಮಯಕ್ಕೆ, 2011ರ ಜನಗಣತಿಯಲ್ಲಿ, ನಗರಗಳಲ್ಲಿ ಸುಮಾರು 1 ಕೋಟಿ 10 ಲಕ್ಷ ಮನೆಗಳು ಖಾಲಿಯಾಗಿದ್ದವು. ಬೀಗ ಹಾಕಿದ ಮನೆ ಮನೆಯಿಲ್ಲದವನಿಗೆ ನೆರಳಾಗದು. ಕಟ್ಟುವುದು ನಮ್ಮ ಕೈಗೆಟಕುವ ಅಳತೆಯಲ್ಲಿ ಇರಬೇಕು, ಬಾಡಿಗೆಗೂ ಸಿಗಬೇಕು.

ತೆಲಂಗಾಣ ಸರ್ಕಾರ 2015ರಿಂದ ಎರಡು ಕೋಣೆಯ ಮನೆಗಳ ಯೋಜನೆ ನಡೆಸಿತು. 2023ರ ಜೂನಿನಲ್ಲಿ ಕೊಲ್ಲೂರಿನಲ್ಲಿ ಒಂದೇ ಕಡೆ 15,660 ಮನೆಗಳು ತೆರೆದವು. ಮನೆಯೊಂದಕ್ಕೆ 560 ಚದರ ಅಡಿ. ಇದು ಮೆಚ್ಚತಕ್ಕ ಕಾರ್ಯ. ಆದರೆ ಅಂಥ ಮನೆಗೆ ಇಲ್ಲಿಯ ಪಡಿತರ ಚೀಟಿ ಬೇಕು. ಊರಲ್ಲಿ ಚೀಟಿ, ಇಲ್ಲಿ ಕೆಲಸ ಎನ್ನುವ ನಮ್ಮಂಥವರಿಗೆ ಅದು ದಕ್ಕುವುದು ಕಷ್ಟ. ಕೊಲ್ಲೂರು ಹೊರ ವರ್ತುಲ ರಸ್ತೆಯ ಕಡೆಗಿದೆ. ಬೆಳಿಗ್ಗೆ ಅಡ್ಡಾದಲ್ಲಿ ನಿಲ್ಲಬೇಕಾದವನು ಅಷ್ಟು ದೂರದಿಂದ ಬಂದರೆ ಬಸ್ಸಿಗೆ ಕೂಲಿಯ ಒಂದು ಪಾಲು ಹೋಗುತ್ತದೆ. ಆದುದರಿಂದ ವಲಸೆ ಬಂದವರಿಗೆ ಬೇಕಾದದ್ದು ಕೆಲಸದ ಹತ್ತಿರದ ಬಾಡಿಗೆ ಮನೆ. 2020ರ ಲಾಕ್‌ಡೌನಿನಲ್ಲಿ ಲಕ್ಷಾಂತರ ಜನ ಬಾಡಿಗೆ ಕಟ್ಟಲಾರದೆ ನಡೆದು ಊರಿಗೆ ಹೋದ ಮೇಲೆ, ಅದೇ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ ಕಡಮೆ ಬಾಡಿಗೆಯ ವಸತಿ ಸಮುಚ್ಚಯಗಳ ಯೋಜನೆ ತಂದಿತು. ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವುದು, ಖಾಸಗಿಯವರು ತಮ್ಮ ನೆಲದಲ್ಲಿ ಬಾಡಿಗೆ ಮನೆ ಕಟ್ಟುವುದು ಎಂದು ಅದಕ್ಕೆ ಎರಡು ದಾರಿ. ದಾರಿ ಸರಿಯಾದದ್ದೇ; ಅದರಲ್ಲಿ ನಡೆಯುವವರು ಹೆಚ್ಚಬೇಕು. ಸಿಂಗಪುರದಲ್ಲಿ 1960ರಲ್ಲಿ ಹುಟ್ಟಿದ ಹೌಸಿಂಗ್ ಬೋರ್ಡು ಮೊದಲ ಐದೇ ವರ್ಷಗಳಲ್ಲಿ 50 ಸಾವಿರಕ್ಕೂ ಮಿಕ್ಕಿ ಮನೆ ಎಬ್ಬಿಸಿತು. ಹೈದರಾಬಾದಿನ ಬೋರ್ಡು ಬಂದದ್ದೂ ಅದೇ ವರ್ಷ.

ಸ್ವಂತ ಮನೆ ಮಾಡಿಕೊಂಡ ನಮ್ಮ ಬಂಧುಗಳಿಗೂ ಒಂದು ಮಾತು. ‘ಇನ್ನು ಸಾಕು, ನೀರಿಲ್ಲ, ರಸ್ತೆಯಲ್ಲಿ ಗಾಡಿ ಹೋಗುವುದಿಲ್ಲ’ ಎಂದು ಅವರು ಹೇಳುವುದುಂಟು. ನೀರು, ಚರಂಡಿ, ರಸ್ತೆ ಬೇಕೆಂದು ಅವರು ಕೇಳಲಿ. ನಾವೂ ಜೊತೆಗೆ ನಿಲ್ಲುತ್ತೇವೆ. ಆದರೆ ತಾವು ಒಳಗೆ ಬಂದ ಮೇಲೆ ಏಣಿ ಎಳೆದುಕೊಳ್ಳುವುದು ಧರ್ಮವಲ್ಲ. ಹಾಗೆಯೇ ಎಲ್ಲೆಂದರಲ್ಲಿ ಕಟ್ಟಿರೆಂದೂ ನಾವು ಹೇಳುವುದಿಲ್ಲ. 2024ರ ಸೆಪ್ಟೆಂಬರಿನಲ್ಲಿ ನಮ್ಮ ನಲ್ಲಚೆರುವಿನ ಅಂಗಳದಲ್ಲಿ ಕಟ್ಟಿದ್ದ ಷೆಡ್ಡುಗಳನ್ನು ಹೈಡ್ರಾ ಇಲಾಖೆಯವರು ಕೆಡವಿದ್ದನ್ನು ನೀವೆಲ್ಲ ಬಲ್ಲಿರಿ. ಕೆರೆ ತುಂಬಿಸಿ ಕಟ್ಟಿದರೆ ಮಳೆಗಾಲದಲ್ಲಿ ಆ ನೀರು ಬಡವನ ಹಾಸಿಗೆಗೇ ಬರುತ್ತದೆ. ಕೆರೆ ಬಿಡಿ, ಮೆಟ್ರೋ ನಿಲ್ದಾಣದ ಸುತ್ತ ಎತ್ತರಕ್ಕೆ ಕಟ್ಟಿ ಎನ್ನುವುದೇ ನಮ್ಮ ಬಿನ್ನಹ.

ಆದುದರಿಂದ ಸಂಘದ ಮೂಲಕ ಅಧಿಕಾರಿಗಳಿಗೂ ಜನಪ್ರತಿನಿಧಿಗಳಿಗೂ ನಾಲ್ಕು ವಿಷಯ ಬರೆಯೋಣ. ಒಂದು, ಬೋರ್ಡು ನೆಲ ಮಾರುವಾಗ ಒಂದು ಪಾಲನ್ನು ಚಿಕ್ಕ ಬಾಡಿಗೆ ಮನೆಗಳಿಗೆ ತೆಗೆದಿಡಲಿ. ಎರಡು, ಹಳೆಯ ಕಾಲೊನಿಯಲ್ಲಿ ಮಹಡಿ ಏರಿಸುವವರಿಗೆ ಅನುಮತಿ ಬೇಗ ಸಿಗಲಿ. ಅಗಲವಾದ ಮೆಟ್ಟಿಲು, ಗಾಳಿ, ಬೆಂಕಿಯಿಂದ ರಕ್ಷಣೆ ಕಡ್ಡಾಯವಾಗಲಿ. ಮೂರು, ದೂರ ಕಟ್ಟಿದಲ್ಲಿಗೆ ನಸುಕಿನಿಂದಲೇ ಬಸ್ಸು ಇರಲಿ. ನಾಲ್ಕು, ಕಟ್ಟಡ ಕಾರ್ಮಿಕರಿಗೆ ಕೆಲಸದ ಜಾಗದಲ್ಲಿ ಪುಕ್ಕಟೆ ಬಿಡಾರ ಕೊಡಬೇಕೆಂದು 1996ರ ಕಾಯಿದೆಯೇ ಹೇಳಿತು. ಆ ಬಿಡಾರ ಮನುಷ್ಯರು ಇರುವಂತೆ ಇರಲಿ.

ನಮ್ಮ ಕೈಯಲ್ಲಿ ಆಗುವ ಕೆಲಸವೂ ಇದೆ. ವಾಚನಾಲಯದ ಮೇಜಿನ ಮೇಲೆ ಇಂದಿನಿಂದ ಒಂದು ವಹಿ ಇಡುತ್ತೇವೆ. ಎಲ್ಲಿ ಖೋಲಿ ಖಾಲಿಯಾಗಿದೆ, ಬಾಡಿಗೆ ಎಷ್ಟು, ಮುಂಗಡ ಎಷ್ಟು, ನೀರು ಉಂಟೆ, ಎಲ್ಲವನ್ನೂ ಕಂಡವರು ಬರೆಯಿರಿ. ದಲ್ಲಾಳಿಯ ಹಣ ಉಳಿಯುತ್ತದೆ. ಓದು ಬರಹ ಬಾರದ ಅಣ್ಣಂದಿರಿಗೆ ಬಾಡಿಗೆ ಕರಾರು ಓದಿ ಹೇಳಲು, ಅರ್ಜಿ ತುಂಬಿಕೊಡಲು ಪ್ರತಿ ಭಾನುವಾರ ಇಬ್ಬರು ಸ್ವಯಂಸೇವಕರು ಕೂಡುತ್ತೇವೆ. ಮುಂಗಡ ಕೊಟ್ಟವರು ರಸೀದಿ ಕೇಳಿ ಪಡೆಯಿರಿ.

ಈ ಊರಿನ ಗೋಡೆಗಳಲ್ಲಿ ನಮ್ಮ ಜನದ ಬೆವರು ಇದೆ. ಕಟ್ಟುವ ಕೈಗೆ ಒಂದು ಬಾಗಿಲು ಬೇಕೆಂದು ಕೇಳುವುದು ದಾನ ಕೇಳಿದಂತಲ್ಲ. ಇನ್ನಷ್ಟು ಮನೆಗಳು ಏಳಲಿ, ಊರಿನಲ್ಲಿ ಉಳಿದ ಹೆಂಡತಿ ಮಕ್ಕಳು ಬಂದು ಜೊತೆಗೆ ಉಣ್ಣುವಂತಾಗಲಿ ಎಂದು ಹಾರೈಸುತ್ತೇವೆ.