ಕಾರವಾರದಲ್ಲಿ ಸೇವೆಗಿಳಿದ ಶಾರ್ದೂಲ



ನವಿ ಮುಂಬಯಿಯ ನೆರೂಳಿನ ಖಾಡಿಯ ಕಡೆ ಬೆಳಿಗ್ಗೆ ವಾಕಿಂಗ್ ಹೋಗುವವರಿಗೆ ಅಲ್ಲಿಯ ಕೆಸರು, ಕಾಂಡ್ಲಾ ಗಿಡ, ಫ್ಲೆಮಿಂಗೊ ಹಕ್ಕಿಗಳು ಚೆನ್ನಾಗಿ ಗೊತ್ತು. ಸಣ್ಣ ದೋಣಿಯೂ ಇಳಿತದ ಹೊತ್ತಿಗೆ ಅಲ್ಲಿ ಹೂತು ನಿಲ್ಲುತ್ತದೆ. ನಾನಿಂದು ಹೇಳಹೊರಟಿರುವುದು ಬೇಕೆಂದೇ ದಡಕ್ಕೆ ಏರುವ ಹಡಗಿನ ವಿಷಯ. ಅದಕ್ಕೆ ಬೇಕಾದದ್ದು ಗಟ್ಟಿ ಮರಳು, ಹದವಾದ ಇಳಿಜಾರು. ಹಿಂದಿನಿಂದ ಲಂಗರು ಬಿಟ್ಟು, ಮೂತಿಯನ್ನು ಮರಳಿಗೆ ತಾಗಿಸಿ, ಮುಂದಿನ ಬಾಗಿಲು ತೆರೆದರೆ ಟ್ಯಾಂಕು, ಲಾರಿ, ಸೈನಿಕರು ಇಳಿಯುತ್ತಾರೆ. ವಾಪಸು ನೀರಿಗೆ ಸರಿಯಲು ಆ ಲಂಗರಿನ ಸರಪಳಿಯನ್ನೇ ಎಳೆದುಕೊಳ್ಳಬೇಕು.

ಹೇಳುವಷ್ಟು ಸಲೀಸಲ್ಲ. 1971ರ ಡಿಸೆಂಬರಿನಲ್ಲಿ, ಬಾಂಗ್ಲಾ ಯುದ್ಧದ ಹೊತ್ತಿಗೆ, ಘರಿಯಾಲ್, ಗುಲ್ದಾರ್ ಎಂಬ ನಮ್ಮ ಎರಡು ಹಡಗುಗಳು ಗೂರ್ಖಾ ಸೈನಿಕರನ್ನು ಹೊತ್ತು ಕಾಕ್ಸ್ ಬಜಾರಿಗೆ ಹೋದವು. ದಡಕ್ಕೆ ಮೊದಲೇ ಮರಳದಿಬ್ಬ ಅಡ್ಡ ಬಂತು. ಅದರಾಚೆ ನೀರು ಆಳವಾಗಿತ್ತು. ಹೊರೆ ಹೊತ್ತು ಇಳಿದವರಲ್ಲಿ ಕೆಲವರು ಮುಳುಗಿಹೋದರು. ಉಳಿದವರನ್ನು ಕೊನೆಗೆ ದೋಣಿಗಳಲ್ಲಿ ದಡ ಸೇರಿಸಬೇಕಾಯಿತು. ಶತ್ರುವಿನ ಗುಂಡಿಗಲ್ಲ, ಸಮುದ್ರದ ತಳ ಅರಿಯದ್ದಕ್ಕೆ ತೆತ್ತ ಬೆಲೆ ಅದು.

ಐಎನ್‌ಎಸ್ ಶಾರ್ದೂಲ ಅದೇ ಕುಲದ್ದು, ಆದರೆ ಬಹಳ ದೊಡ್ಡದು. ಉದ್ದ ಸುಮಾರು 125 ಮೀಟರ್. ಹನ್ನೊಂದು ಟ್ಯಾಂಕುಗಳ ಜೊತೆ ಐನೂರು ಸೈನಿಕರನ್ನು ಹೊರುತ್ತದೆ. ಕಟ್ಟಿದ್ದು ಕೋಲ್ಕತಾದ ಗಾರ್ಡನ್ ರೀಚ್ ಹಡಗುಕಟ್ಟೆಯಲ್ಲಿ. ಸೇವೆಗೆ ಸೇರಿದ್ದು ಮಾತ್ರ ನಮ್ಮ ಕಾರವಾರದಲ್ಲಿ, 2007ರ ಜನವರಿ 4ರಂದು, ಆಗಿನ ರಕ್ಷಣಾ ಸಚಿವ ಎ. ಕೆ. ಆಂಟನಿಯವರ ಕೈಯಿಂದ. ಅಲ್ಲಿಯ ಸೀಬರ್ಡ್ ನೌಕಾನೆಲೆ ಆಗಿನ್ನೂ ಹೊಸದು. ಆ ನೆಲೆಗಾಗಿ ಕಾರವಾರ, ಅಂಕೋಲೆಯ ಕಡಲ ಮಕ್ಕಳು ಊರು ಬಿಟ್ಟಿದ್ದನ್ನು ಈ ಸಂಭ್ರಮದ ಮಾತಿನಲ್ಲಿ ನಾವು ಮರೆಯುತ್ತೇವೆ.

ಯುದ್ಧಕ್ಕೆಂದು ಕಟ್ಟಿದ ಈ ಹೊಟ್ಟೆಯಲ್ಲಿ ಅಕ್ಕಿಯೂ ಹೋಯಿತು. 2020ರ ಮಾರ್ಚಿನಲ್ಲಿ, ನೆರೆಯಿಂದ ನಲುಗಿದ್ದ ಮಡಗಾಸ್ಕರಿಗೆ 600 ಟನ್. ಮೂರು ತಿಂಗಳ ಬಳಿಕ, ಕೋವಿಡ್‌ನಿಂದ ವಿಮಾನಗಳು ನಿಂತಿದ್ದಾಗ, ಇರಾನಿನ ಬಂದರ್ ಅಬ್ಬಾಸಿನಿಂದ 233 ಭಾರತೀಯರನ್ನು ಹತ್ತಿಸಿಕೊಂಡು ಜೂನ್ 11ಕ್ಕೆ ಪೋರಬಂದರಿಗೆ ಮುಟ್ಟಿಸಿತು. ಟ್ಯಾಂಕು ನಿಲ್ಲಿಸುವ ಜಾಗ ದೊಡ್ಡದಿದ್ದದ್ದು ಇಂಥ ಹೊತ್ತಿಗೇ ಒದಗಿತು ಎನ್ನಬೇಕು.

ಈಗ ಅದು ಕೊಚ್ಚಿಯಲ್ಲಿರುವ ನೌಕಾಪಡೆಯ ಮೊದಲನೇ ತರಬೇತಿ ದಳದಲ್ಲಿದೆ. 2024ರ ಅಕ್ಟೋಬರಿನಲ್ಲಿ ಹೊಸ ಕೆಡೆಟ್ಟುಗಳನ್ನು ಹೊತ್ತು ಮತ್ತೆ ಹೋದದ್ದು ಅದೇ ಬಂದರ್ ಅಬ್ಬಾಸಿಗೆ.