ಕಲ್ಲಿದ್ದಲ ಗ್ಯಾಸಿಗೆ ದಾರಿ ಮಾಡಿದ ಕೊಳವೆ, ಕವಾಟಗಳು
(ವಾಚನಾಲಯದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



“ನಿಮ್ಮ ಕಸುಬಿಗೆ ಸಂಬಂಧಪಟ್ಟದ್ದನ್ನೇ ಹೇಳಿ, ಆದರೆ ಸಭಿಕರಿಗೆ ನಿದ್ದೆ ಬರಿಸಬೇಡಿ” ಎಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ನನ್ನ ಕಸುಬು ಪೈಪ್ ಫಿಟ್ಟಿಂಗು. ಅದರಲ್ಲಿ ಹೇಳುವುದಕ್ಕೆ ಏನಿದೆ ಎಂದು ನಿಮಗೆ ಅನ್ನಿಸಬಹುದು. ದೀಪ ಕಂಡುಹಿಡಿದವರ ಹೆಸರನ್ನು ಶಾಲೆಯ ಮಕ್ಕಳೂ ಹೇಳುತ್ತಾರೆ. ಆ ದೀಪಕ್ಕೆ ಗ್ಯಾಸು ಸೋರದೆ ಬಂದು ಸೇರುವಂತೆ ಮಾಡಿದವರನ್ನು ಯಾರೂ ಕೇಳುವುದಿಲ್ಲ. ಇವತ್ತು ಅವರ ಮಾತನ್ನು ಆಡೋಣವೆಂದು ಬಂದಿದ್ದೇನೆ.

ಕಲ್ಲಿದ್ದಲನ್ನು ಗಾಳಿಯಾಡದ ಕಬ್ಬಿಣದ ಪಾತ್ರೆಯಲ್ಲಿ ಮುಚ್ಚಿಟ್ಟು ಹೊರಗಿನಿಂದ ಕಾಯಿಸಿದರೆ ಅದು ಉರಿಯುವುದಿಲ್ಲ, ಬೆವರುತ್ತದೆ ಎನ್ನಿ. ಆ ಬೆವರಿನಲ್ಲಿ ಉರಿಯುವ ಗ್ಯಾಸು ಇದೆ, ಡಾಂಬರು ಇದೆ, ಅಮೋನಿಯದ ನೀರು ಇದೆ, ಕೊಳೆತ ಮೊಟ್ಟೆಯ ನಾತದ ಗಂಧಕದ ಅನಿಲವೂ ಇದೆ. ಪಾತ್ರೆಯಲ್ಲಿ ಉಳಿಯುವುದು ಕೋಕು. ಈ ಪಾತ್ರೆಗೆ ರಿಟಾರ್ಟು ಎಂದು ಹೆಸರು. ಗ್ಯಾಸು ಹುಟ್ಟಿಸುವುದು ಇಷ್ಟು ಸುಲಭ. ಅದನ್ನು ಸಾಗಿಸುವುದು, ಬೇಕಾದಾಗ ಬಿಡುವುದು, ಬೇಡವಾದಾಗ ತಡೆಯುವುದು, ಕಷ್ಟವೆಲ್ಲ ಅಲ್ಲೇ.

ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ರೆಡ್‌ರುತ್ ಊರಿನಲ್ಲಿ ವಿಲಿಯಂ ಮರ್ಡಾಕ್ ಎಂಬವನು ಬೋಲ್ಟನ್ ಮತ್ತು ವಾಟ್ ಕಂಪನಿಯ ಉಗಿಯಂತ್ರಗಳನ್ನು ಕೂಡಿಸುವ ಕೆಲಸದಲ್ಲಿದ್ದ. 1792ರಲ್ಲಿ ಅವನು ತನ್ನ ಮನೆಗೆ ಗ್ಯಾಸಿನ ಬೆಳಕು ತಂದ. ಕಲಾಯಿ ಹಾಕಿದ ತಾಮ್ರದ ಮತ್ತು ಕಬ್ಬಿಣದ ಕೊಳವೆಗಳಲ್ಲಿ ಗ್ಯಾಸನ್ನು ಸಾಕಷ್ಟು ದೂರ ಒಯ್ದೆನೆಂದು ಅವನೇ 1808ರಲ್ಲಿ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. ಒಂದು ಮನೆಗೆ ಅಷ್ಟು ಸಾಕು. ಊರಿಗೆ ಸಾಕೇ?

1812ರಲ್ಲಿ ಲಂಡನ್ನಿನಲ್ಲಿ ಗ್ಯಾಸ್ ಲೈಟ್ ಅಂಡ್ ಕೋಕ್ ಕಂಪನಿಗೆ ಸನ್ನದು ಸಿಕ್ಕಿತು. ಬೀದಿಬೀದಿಗೆ ಕೊಳವೆ ಹಾಕಬೇಕಾಯಿತು. ಆದರೆ ಸಣ್ಣ ಕೊಳವೆ ಮಾಡುವ ಕಾರ್ಖಾನೆಗಳೇ ಆಗ ಇರಲಿಲ್ಲ. ಆಗ ಕೈಗೆ ಬಂದದ್ದು ಏನು ಬಲ್ಲಿರಾ? ಕೋವಿಯ ನಳಿಗೆ! ನೆಪೋಲಿಯನ್ನನ ಯುದ್ಧಗಳು ಮುಗಿದ ಮೇಲೆ ಹಳೆಯ ಬಂದೂಕಿನ ನಳಿಗೆಗಳು ಅಗ್ಗಕ್ಕೆ ದೊರೆಯುತ್ತಿದ್ದವು. ಅವುಗಳ ತುದಿಗೆ ತಿರುಪು ಕೊರೆದು ಒಂದಕ್ಕೊಂದು ಜೋಡಿಸಿ ಮನೆಗಳೊಳಗೆ ಗ್ಯಾಸು ತಂದರು. ಇಂಗ್ಲಿಷ್ ಫಿಟ್ಟರುಗಳು ಗ್ಯಾಸ್ ಪೈಪಿಗೆ ‘ಬ್ಯಾರಲ್’ ಎನ್ನುತ್ತಿದ್ದರು, ಬಂದೂಕಿನ ನಳಿಗೆಗೂ ಅದೇ ಹೆಸರು. ಮನುಷ್ಯನನ್ನು ಕೊಲ್ಲಲು ಮಾಡಿದ ವಸ್ತು ದೀಪ ಹೊತ್ತಿಸಲು ಬಂತಲ್ಲ, ಇದಕ್ಕಿಂತ ಒಳ್ಳೆಯ ಗುಜರಿ ವ್ಯಾಪಾರವನ್ನು ನಾನು ಕೇಳಿಲ್ಲ.

ನಳಿಗೆಗಳ ದಾಸ್ತಾನು ಎಷ್ಟು ದಿನ ಬಂದೀತು? ಹೊಸದಾಗಿ ಮಾಡಬೇಕೆಂದರೆ ಕಬ್ಬಿಣದ ಪಟ್ಟಿಯನ್ನು ತುಂಡುತುಂಡಾಗಿ ಕಾಯಿಸಿ, ಬಾಗಿಸಿ, ಸುತ್ತಿಗೆಯಿಂದ ಬಡಿದು ಬೆಸೆಯಬೇಕು. ಒಂದು ಕೊಳವೆಗೆ ಎಷ್ಟೋ ಸಲ ಕುಲುಮೆ, ಎಷ್ಟೋ ಸಲ ಬಡಿತ. ಬೆಸುಗೆಯ ಸಾಲಿನಲ್ಲಿ ಎಲ್ಲಾದರೂ ಬಿರುಕು ಉಳಿದೇ ಉಳಿಯುತ್ತಿತ್ತು. 1825ರಲ್ಲಿ ವೆನ್ಸ್‌ಬರಿ ಊರಿನ ಕಾರ್ನೇಲಿಯಸ್ ವೈಟ್‌ಹೌಸ್ ಎಂಬ ಕೆಲಸಗಾರ ಹೊಸ ದಾರಿ ತೋರಿಸಿ ಪೇಟೆಂಟ್ ಪಡೆದ. ಪಟ್ಟಿಯನ್ನು ಉದ್ದಕ್ಕೂ ಬೆಳ್ಳಗೆ ಕಾಯಿಸುವುದು, ಗಂಟೆಯಾಕಾರದ ಅಚ್ಚಿನೊಳಗಿಂದ ಒಂದೇ ಎಳೆತಕ್ಕೆ ಎಳೆಯುವುದು. ಅಂಚಿಗೆ ಅಂಚು ಒತ್ತಿ ತಾನೇ ಬೆಸೆದುಕೊಳ್ಳುತ್ತದೆ. ಕಾಯಿಸಿದ ಕಬ್ಬಿಣ ಹೇಗೆ ಮಾತು ಕೇಳುತ್ತದೆ ಎಂಬುದನ್ನು ಕೈಯಿಂದ ಬಲ್ಲವನಿಗೇ ಹೊಳೆಯುವ ಉಪಾಯ ಇದು. ಮುಂದೆ ಉಗಿಯಂತ್ರಗಳ ಬಾಯ್ಲರಿಗೂ ಬೆಸುಗೆಯ ಕೊಳವೆ ಒದಗಿತು.

ಬೀದಿಯ ದೊಡ್ಡ ಕೊಳವೆಗಳ ಕತೆ ಬೇರೆ. ಅವು ಎರಕದ ಕಬ್ಬಿಣದವು. ತುದಿಗೆ ಅಗಲವಾದ ಚಪ್ಪಟೆ ಅಂಚು ಬಿಟ್ಟು ಬೋಲ್ಟು ಬಿಗಿದರೆ ಗಟ್ಟಿಯೇನೋ ಹೌದು. ಆದರೆ ನೆಲ ಸ್ವಲ್ಪ ಕುಸಿದರೂ, ಬಿಸಿಲು ಚಳಿಗೆ ಕಬ್ಬಿಣ ಹಿಗ್ಗಿ ಕುಗ್ಗಿದರೂ ಬಿರಿಯುತ್ತಿತ್ತು. ಚೆಲ್ಸಿಯ ನೀರು ಸರಬರಾಜಿನ ಥಾಮಸ್ ಸಿಂಪ್ಸನ್ 1785ರಲ್ಲೇ ಇದಕ್ಕೆ ಮದ್ದು ಕಂಡುಹಿಡಿದಿದ್ದ. ಒಂದು ಕೊಳವೆಯ ಬಾಯಿ ಗಂಟೆಯಂತೆ ಅಗಲ. ಇನ್ನೊಂದರ ತುದಿ ಅದರೊಳಗೆ ಕೂರುತ್ತದೆ. ನಡುವಿನ ಸಂದಿಗೆ ಸೆಣಬಿನ ಹುರಿ ತುರುಕಿ, ಕರಗಿದ ಸೀಸ ಹೊಯ್ದು, ಉಳಿಯಿಂದ ಬಡಿದು ಬಿಗಿ ಮಾಡುವುದು. ಸೀಸ ಮೆತ್ತನೆಯ ಲೋಹ, ತುಸು ಅಲುಗಾಟ ತಾಳಿಕೊಳ್ಳುತ್ತದೆ. ಗ್ಯಾಸಿನವರು ನೀರಿನವರಿಂದ ಇದನ್ನು ಕಲಿತರು. ಆದರೆ ನೀರು ಸೋರಿದರೆ ಕಣ್ಣಿಗೆ ಕಾಣುತ್ತದೆ. ಗ್ಯಾಸು ಮಣ್ಣಿನೊಳಗೆ ಹರಿದು ಬೀದಿಯ ಮರಗಳನ್ನು ಒಣಗಿಸುತ್ತದೆ, ಯಾರದೋ ನೆಲಮಾಳಿಗೆ ತುಂಬುತ್ತದೆ, ದೀಪ ಹಿಡಿದು ಇಳಿದವನಿಗೆ ಆಗ ಗೊತ್ತಾಗುತ್ತದೆ. ಸೋರಿಕೆ ಹುಡುಕಲು ಉರಿಯುವ ಮೇಣದ ಬತ್ತಿ ಹಿಡಿದವರೂ ಇದ್ದರು! ಸಾಬೂನಿನ ನೀರು ಹಚ್ಚಿ ಗುಳ್ಳೆ ನೋಡುವುದೇ ಸರಿಯಾದ ಕ್ರಮ.

ಇನ್ನೊಂದು ಪೀಡೆ, ಕೊಳವೆಯೊಳಗೆ ಕೂಡುವ ಡಾಂಬರು ಮತ್ತು ನೀರು. ಅದಕ್ಕಾಗಿ ಕೊಳವೆಯನ್ನು ಮಟ್ಟಸವಾಗಿ ಹಾಕದೆ ಇಳಿಜಾರಾಗಿ ಹಾಕಿ, ತಗ್ಗಿನಲ್ಲಿ ಒಂದು ಗುಂಡಿ ಪಾತ್ರೆ ಇಟ್ಟು, ಆಗಾಗ ಪಂಪಿನಿಂದ ಸೇದುತ್ತಿದ್ದರು.

ಈಗ ಕವಾಟಕ್ಕೆ ಬರುತ್ತೇನೆ. ಇಲ್ಲಿ ನಾನು ನೆನೆಯಬೇಕಾದವನು ಸ್ಯಾಮ್ಯುಯೆಲ್ ಕ್ಲೆಗ್. ಬೋಲ್ಟನ್ ಮತ್ತು ವಾಟ್ ಕಂಪನಿಯಲ್ಲೇ ಪಳಗಿದವನು, ಆಮೇಲೆ ಲಂಡನ್ ಕಂಪನಿಯ ಎಂಜಿನಿಯರು. ಸಾಲಾಗಿ ಹತ್ತಾರು ರಿಟಾರ್ಟುಗಳು ಉರಿಯುತ್ತಿವೆ ಎಂದುಕೊಳ್ಳಿ. ಕೆಲವು ತಾಸಿಗೊಮ್ಮೆ ಒಂದೊಂದರ ಬಾಗಿಲು ತೆಗೆದು ಕೋಕು ಎಳೆದು ಹೊಸ ಇದ್ದಲು ಹಾಕಬೇಕು. ಬಾಗಿಲು ತೆಗೆದೊಡನೆ ಉಳಿದ ರಿಟಾರ್ಟುಗಳ ಗ್ಯಾಸು ಆ ಬಾಯಿಯಿಂದ ಹಿಂದಕ್ಕೆ ನುಗ್ಗಿ ಎದುರಿಗಿದ್ದ ಕೆಲಸಗಾರನ ಮೈಮೇಲೆ ಉರಿಯಬೇಕಷ್ಟೆ. ಹಿತ್ತಾಳೆಯ ನಲ್ಲಿ ಇಟ್ಟರೆ ಡಾಂಬರು ಮೆತ್ತಿ ತಿರುಗುವುದಿಲ್ಲ. ತಿರುಗಿಸುವುದನ್ನು ಮರೆತರೆ ಮುಗಿಯಿತು. ಕ್ಲೆಗ್ ಅಡ್ಡಲಾಗಿ ಒಂದು ದಪ್ಪ ಕೊಳವೆಯನ್ನಿಟ್ಟು ಅದರಲ್ಲಿ ಅರ್ಧ ದ್ರವ ತುಂಬಿದ. ಪ್ರತಿ ರಿಟಾರ್ಟಿನ ಕೊಳವೆಯ ತುದಿ ಆ ದ್ರವದೊಳಗೆ ಕೆಲವು ಅಂಗುಲ ಮುಳುಗಿರುತ್ತದೆ. ಗ್ಯಾಸು ಗುಳುಗುಳು ಎಂದು ಗುಳ್ಳೆಯಾಗಿ ಮೇಲೆ ಬರಬಹುದು, ಹಿಂದಕ್ಕೆ ಹೋಗಲಾರದು. ಇದರಲ್ಲಿ ತಿರುಗುವ ಭಾಗವಿಲ್ಲ, ಸವೆಯುವ ಭಾಗವಿಲ್ಲ, ಮರೆಯುವ ಮನುಷ್ಯನೂ ಬೇಕಿಲ್ಲ. ಡಾಂಬರು ಕೂಡ ಅಲ್ಲೇ ಇಳಿಯುತ್ತದೆ. ಇಡೀ ಗ್ಯಾಸು ತಯಾರಿಕೆಯಲ್ಲಿ ನನಗೆ ಅತಿ ಮೆಚ್ಚುಗೆಯಾದ ಉಪಾಯ ಇದೇ.

ದೊಡ್ಡ ಕೊಳವೆಗಳಿಗೂ ಇದೇ ತತ್ತ್ವ: ನೀರಿನ ತೊಟ್ಟಿಯೊಳಗೆ ಕೊಳವೆಯ ಬಾಯಿ, ಅದರ ಮೇಲೆ ಬೋರಲು ಹಾಕಿದ ಕೊಪ್ಪರಿಗೆ. ಮೇಲೆತ್ತಿದರೆ ದಾರಿ, ಇಳಿಸಿದರೆ ತಡೆ. ದೋಷವಿಲ್ಲದೆ ಇಲ್ಲ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತಿತ್ತು, ಒತ್ತಡ ಮಿತಿಮೀರಿದರೆ ನೀರನ್ನೇ ತಳ್ಳಿ ಗ್ಯಾಸು ಹೊರಬೀಳುತ್ತಿತ್ತು. ಮುಂದೆ ಹಲ್ಲುಚಕ್ರ ತಿರುಗಿಸಿ ಎತ್ತಿಳಿಸುವ ಜಾರುಬಾಗಿಲಿನ ವಾಲ್ವುಗಳು ಬಂದವು.

ಇದೆಲ್ಲ ಬರಿಯ ಜಾಣತನದ ಆಟವಾಗಿರಲಿಲ್ಲ. 1813ರಲ್ಲಿ ವೆಸ್ಟ್‌ಮಿನ್‌ಸ್ಟರಿನ ಪೀಟರ್ ಸ್ಟ್ರೀಟ್ ಕಾರ್ಖಾನೆಯಲ್ಲಿ, ಸುಣ್ಣದಿಂದ ಗ್ಯಾಸನ್ನು ಶುದ್ಧಿ ಮಾಡುವ ಮನೆಯಿಂದ ಸೋರಿದ ಗ್ಯಾಸಿಗೆ ಬೆಂಕಿ ತಗಲಿ ಸಿಡಿಯಿತು. ಕ್ಲೆಗ್‌ನ ಮೈಯೇ ಸುಟ್ಟಿತು. ಜನ ಹೆದರಿದರು. ಅದೇ ವರ್ಷ ಡಿಸೆಂಬರ್ 31ರಂದು ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ಗ್ಯಾಸ್ ದೀಪ ಹೊತ್ತಿಸುವಾಗ ದೀಪದವರು ಹಿಂಜರಿದರೆಂದೂ ಕ್ಲೆಗ್ ತಾನೇ ಹೊತ್ತಿಸಿದನೆಂದೂ ಹೇಳುತ್ತಾರೆ. ಪಾರ್ಲಿಮೆಂಟಿನ ಸದಸ್ಯರು ಕೈಗವಸು ತೊಟ್ಟು ಕೊಳವೆ ಮುಟ್ಟಿ ನೋಡುತ್ತಿದ್ದರಂತೆ, ಒಳಗೆ ಬೆಂಕಿಯೇ ಹರಿಯುತ್ತಿದೆ ಎಂದು ಭಾವಿಸಿ!

ಗುಮಾಸ್ತ ಮಿತ್ರರಿಗಾಗಿ ಒಂದು ಮಾತು. ಮೀಟರು ಬರುವ ಮುನ್ನ ಬಿಲ್ಲು ಹಾಕುತ್ತಿದ್ದುದು ಇಷ್ಟು ದೀಪ, ಇಷ್ಟು ಗಂಟೆ ಎಂಬ ಲೆಕ್ಕದಲ್ಲಿ. ಹೊತ್ತು ಮೀರಿ ಯಾರು ಉರಿಸುತ್ತಾರೆಂದು ನೋಡಲು ಕಂಪನಿಯ ಜನ ರಾತ್ರಿ ಬೀದಿ ಸುತ್ತಬೇಕಿತ್ತು. ಕ್ಲೆಗ್ ನೀರಿನಲ್ಲಿ ತಿರುಗುವ ಡೋಲಿನ ಮೀಟರು ಮಾಡಿದ. ಮಲಾಮ್, ಕ್ರಾಸ್ಲಿ ಎಂಬವರು ಅದನ್ನು ತಿದ್ದಿ ನಂಬಿಕೆಗೆ ಅರ್ಹವಾಗಿಸಿದರು. ಒತ್ತಡ ಸಮನಾಗಿಡುವ ಗವರ್ನರನ್ನೂ ಕ್ಲೆಗ್ ರೂಪಿಸಿದ. ಅದರ ಅಗತ್ಯ ಏಕೆಂದರೆ, ಗ್ಯಾಸು ಗಾಳಿಗಿಂತ ಹಗುರ. ನೂರು ಅಡಿ ಏರಿದರೆ ಒತ್ತಡ ಸುಮಾರು ಮುಕ್ಕಾಲು ಅಂಗುಲ ನೀರಿನಷ್ಟು ಹೆಚ್ಚುತ್ತದೆ. ಇಡೀ ಒತ್ತಡವೇ ಎರಡು ಮೂರು ಅಂಗುಲವಿದ್ದಾಗ ಇದು ಸಣ್ಣದಲ್ಲ. ಗ್ಯಾಸು ಕಾರ್ಖಾನೆಗಳನ್ನು ತಗ್ಗಿನಲ್ಲಿ ಕಟ್ಟುತ್ತಿದ್ದುದಕ್ಕೆ ಇದೂ ಒಂದು ಕಾರಣ.

ನಮ್ಮ ದೇಶದಲ್ಲಿ ಕಲ್ಕತ್ತೆಯ ಬೀದಿಗಳಿಗೆ 1857ರಲ್ಲಿ, ಮುಂಬಯಿಯ ಬೀದಿಗಳಿಗೆ 1865ರಲ್ಲಿ ಗ್ಯಾಸಿನ ಬೆಳಕು ಬಂತು. ಅದು ಹೋಗಿ ವಿದ್ಯುತ್ತು ಬಂದು ಬಹುಕಾಲವಾಯಿತು. ಆದರೂ ಫಿಟ್ಟರ ಕೈಯಲ್ಲಿ ಅದರ ಗುರುತು ಉಳಿದಿದೆ. ಅರ್ಧ ಅಂಗುಲದ ಪೈಪನ್ನು ಹೊರಗಿನಿಂದ ಅಳೆದು ನೋಡಿ, ಸುಮಾರು 21 ಮಿಲಿಮೀಟರು, ಅಂದರೆ ಮುಕ್ಕಾಲು ಅಂಗುಲಕ್ಕೂ ಹೆಚ್ಚು. ದಪ್ಪ ಗೋಡೆಯ ಹಳೆಯ ಗ್ಯಾಸ್ ಪೈಪಿನ ಒಳಅಳತೆಯಿಂದ ಇಟ್ಟ ಹೆಸರು ಅದು. ಗೋಡೆ ತೆಳುವಾದರೂ ಹೆಸರು ಹೋಗಲಿಲ್ಲ. ಅಂಗುಲಕ್ಕೆ 14 ಸುತ್ತಿನ ಆ ತಿರುಪಿಗೆ ‘ಗ್ಯಾಸ್ ಥ್ರೆಡ್’ ಎಂದು ಹೇಳಿದರೆ ಅಂಗಡಿಯವನಿಗೆ ಅರ್ಥವಾಗುತ್ತದೆ.

ಈಗ ನಿಮ್ಮಲ್ಲಿ ಕೆಲವರ ಅಡಿಗೆಮನೆಗೆ ಪೈಪಿನಲ್ಲಿ ನೈಸರ್ಗಿಕ ಅನಿಲ ಬರುತ್ತಿದೆ. ಅದಕ್ಕೆ ತನ್ನದೇ ವಾಸನೆಯಿಲ್ಲ. ಸೋರಿದರೆ ಗೊತ್ತಾಗಲೆಂದೇ ನಾತ ಬೆರೆಸುತ್ತಾರೆ. ಕಲ್ಲಿದ್ದಲ ಗ್ಯಾಸಿನಲ್ಲಿ ಯಾವ ನಾತವನ್ನು ತೆಗೆಯಲು ಕ್ಲೆಗ್ ಸುಣ್ಣ ಹಿಡಿದು ಹೆಣಗಿದನೋ ಅಂಥದನ್ನೇ ಇಂದು ದುಡ್ಡು ಕೊಟ್ಟು ಸೇರಿಸುತ್ತೇವೆ. ವಾಸನೆ ಬಂದರೆ ದೀಪದ ಸ್ವಿಚ್ಚು ಮುಟ್ಟಬೇಡಿ, ಕಿಟಕಿ ತೆಗೆಯಿರಿ, ವಾಲ್ವು ಮುಚ್ಚಿ. ಅದರ ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ, ಅಡ್ಡಕ್ಕೆ ಇದ್ದರೆ ಮುಚ್ಚಿದೆ.